608 ಕಾರ್ಡ್ ಸಿಕ್ಕಿತು, ಇನ್ನು ಎಸಿ ಕಂಟ್ರಾಕ್ಟ್ ಹಿಡಿಯಬಹುದಾ?

ಪ್ರಶ್ನೆ: “ಸಾರ್, ಇಪಿಎ 608 ಯೂನಿವರ್ಸಲ್ ಪಾಸಾಯ್ತು. ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಇನ್ನು ಸ್ವಂತವಾಗಿ ಹೀಟಿಂಗ್, ಎಸಿ ಕೆಲಸ ಒಪ್ಪಿಕೊಳ್ಳಬಹುದಲ್ವಾ? ವ್ಯಾನಿನ ಮೇಲೆ ಲೈಸೆನ್ಸ್ಡ್ ಅಂತ ಬರೆಸಬಹುದಾ?”

ಇಲ್ಲ. ಎರಡಕ್ಕೂ ಇಲ್ಲ.

ಈ ಪ್ರಶ್ನೆ ನಾನಾ ವೇಷದಲ್ಲಿ ಬರುತ್ತದೆ. ಒಬ್ಬರು ಟೆಕ್ಸಸ್‌ನಿಂದ ಕೇಳುತ್ತಾರೆ, ಇನ್ನೊಬ್ಬರು ಭಾವಮೈದುನನ ಪರವಾಗಿ ಕೇಳುತ್ತಾರೆ. ಮತ್ತೆ ಕೆಲವರು ಕೇಳುವುದೇ ಇಲ್ಲ, “ನನ್ನ ಹತ್ರ ಫೆಡರಲ್ ಲೈಸೆನ್ಸೇ ಇದೆ, ರಾಜ್ಯದ್ದು ಯಾಕೆ ಬೇಕು” ಅಂತ ನನಗೇ ಪಾಠ ಹೇಳುತ್ತಾರೆ. ಇದಕ್ಕೆ ಉತ್ತರ ಬರೆದೂ ಬರೆದೂ ಸಾಕಾಗಿದೆ. ಈ ಸಲ ಉದ್ದಕ್ಕೆ ಬರೆದಿಡುತ್ತೇನೆ, ಮುಂದೆ ಕೇಳಿದವರಿಗೆ ಇದನ್ನೇ ಕಳಿಸಿದರಾಯಿತು.

608 ಅನ್ನುವುದು ಅಮೆರಿಕದ ಕ್ಲೀನ್ ಏರ್ ಆಕ್ಟ್‌ನ ಒಂದು ಸೆಕ್ಷನ್. 1990ರ ತಿದ್ದುಪಡಿಯಲ್ಲಿ ಬಂದದ್ದು, ಜಾರಿ ಮಾಡುವುದು ಇಪಿಎ, ಅಂದರೆ ಅಮೆರಿಕದ ಫೆಡರಲ್ ಸರ್ಕಾರದ ಪರಿಸರ ಸಂರಕ್ಷಣಾ ಸಂಸ್ಥೆ. ಅದರ ಹಿಂದಿನ ಚಿಂತೆ ಓಜೋನ್ ಪದರದ್ದು. ಹಳೆಯ ಎಸಿ, ಫ್ರಿಜ್‌ಗಳಲ್ಲಿದ್ದ ಸಿಎಫ್‌ಸಿ ಅನಿಲಗಳು ಮೇಲೆ ಹೋಗಿ ಓಜೋನನ್ನು ತಿನ್ನುತ್ತಿದ್ದವು, 1987ರ ಮಾಂಟ್ರಿಯಲ್ ಒಪ್ಪಂದ ಆದದ್ದೂ ಅದಕ್ಕೇ. ಹಾಗಾಗಿ ಕಾನೂನು ಹೇಳಿತು: ಗ್ಯಾಸನ್ನು ಸುಮ್ನೆ ಗಾಳಿಗೆ ಬಿಡಬೇಡಿ, ರಿಕವರಿ ಮೆಷಿನ್‌ನಿಂದ ಎಳೆದು ಸಿಲಿಂಡರಿಗೆ ತುಂಬಿ, ಆ ಕೆಲಸ ಮಾಡುವವರು ಒಂದು ಪರೀಕ್ಷೆ ಪಾಸಾಗಿರಲಿ. 1994ರ ನವೆಂಬರ್ 14ರಿಂದ ಇದು ಕಡ್ಡಾಯ. 2018ರಿಂದ ಆರ್-410ಎ ತರಹದ, ಓಜೋನ್‌ಗೆ ಏನೂ ಮಾಡದ ಆದರೆ ಭೂಮಿಯ ಬಿಸಿ ಹೆಚ್ಚಿಸುವ ಗ್ಯಾಸ್‌ಗಳಿಗೂ ಅದೇ ನಿಯಮ ಬಂತು.

ಅಷ್ಟೇ. ಈ ಕಾನೂನಿಗೆ ಬೇಕಾಗಿರುವುದು ಗ್ಯಾಸ್ ಹೊರಗೆ ಹೋಗದೆ ಇರುವುದು. ನೀವು ಹಾಕಿದ ಎಸಿ ಆ ಮನೆಯನ್ನು ತಂಪು ಮಾಡುತ್ತದಾ, ಡಕ್ಟ್ (ಗಾಳಿ ಸಾಗಿಸುವ ಕೊಳವೆ) ಸೋರುತ್ತದಾ, ಬ್ರೇಕರ್ ಸರಿಯಾದ ಅಳತೆಯದಾ, ಅರ್ಧ ಕೆಲಸ ಮಾಡಿ ಮುಂಗಡ ಹಣ ತೆಗೆದುಕೊಂಡು ನಾಪತ್ತೆ ಆಗುತ್ತೀರಾ, ಇದ್ಯಾವುದೂ ಇಪಿಎಗೆ ಬೇಕಿಲ್ಲ.

ಪರೀಕ್ಷೆಯನ್ನೇ ನೋಡಿ. ಕೋರ್ ಭಾಗದಲ್ಲಿ 25 ಪ್ರಶ್ನೆ. ಟೈಪ್ 1 ಅಂದರೆ ಫ್ಯಾಕ್ಟರಿಯಲ್ಲೇ ಸೀಲ್ ಆಗಿ ಬಂದ, 5 ಪೌಂಡ್ ಅಥವಾ ಅದಕ್ಕಿಂತ ಕಡಿಮೆ ಗ್ಯಾಸ್ ಇರುವ ಫ್ರಿಜ್, ಕಿಟಕಿ ಎಸಿ ಇತ್ಯಾದಿ. ಟೈಪ್ 2 ಅಂದರೆ ಹೆಚ್ಚು ಒತ್ತಡದವು, ಮನೆಯ ಸೆಂಟ್ರಲ್ ಎಸಿ ಇಲ್ಲೇ ಬರುತ್ತದೆ. ಟೈಪ್ 3 ಕಡಿಮೆ ಒತ್ತಡದ ದೊಡ್ಡ ಚಿಲ್ಲರ್‌ಗಳು. ಒಂದೊಂದಕ್ಕೂ 25 ಪ್ರಶ್ನೆ, 25ಕ್ಕೆ 18 ಸರಿಯಾದರೆ ಪಾಸು, ನಾಲ್ಕೂ ಪಾಸಾದರೆ ಯೂನಿವರ್ಸಲ್. ಒಳ್ಳೆಯ ಪರೀಕ್ಷೆಯೇ, ನನಗೇನೂ ತಕರಾರಿಲ್ಲ. ಆದರೆ ಅನುಭವ ಎಷ್ಟಿದೆ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಪುಸ್ತಕ ಓದಿಕೊಂಡು ಹೋದರೆ ಸ್ಪ್ಯಾನರ್ ಹಿಡಿದೇ ಇರದವರೂ ಪಾಸಾಗಬಹುದು. ಕಾರ್ಡಿಗೆ ಅವಧಿ ಇಲ್ಲ, ಜೀವನಪೂರ್ತಿ ನಡೆಯುತ್ತದೆ. ಬಾಂಡ್ (ಗಿರಾಕಿಯ ನಷ್ಟಕ್ಕೆ ಭದ್ರತೆ) ಇಲ್ಲ, ಇನ್ಶೂರೆನ್ಸ್ ಇಲ್ಲ, ಹಿನ್ನೆಲೆ ತಪಾಸಣೆ ಇಲ್ಲ. ಈ ಕಾರ್ಡ್ ನಂಬಿಕೊಂಡು ಸ್ವಂತವಾಗಿ ಎಸಿ ಕಂಟ್ರಾಕ್ಟ್ ಹಿಡಿಯುತ್ತೇನೆ ಅನ್ನುವುದು, ಮನೆಯಲ್ಲಿ ಸಿಲಿಂಡರ್ ಬದಲಿಸಲು ಬರುತ್ತದೆ ಅಂತ ಹೋಟೆಲ್ ಲೈಸೆನ್ಸ್ ಕೇಳಿದ ಹಾಗೆ.

ಇನ್ನು ಹೀಟಿಂಗ್. ಇಲ್ಲಂತೂ ಈ ನಂಬಿಕೆಗೆ ತಲೆಯೂ ಇಲ್ಲ, ಬುಡವೂ ಇಲ್ಲ. ಗ್ಯಾಸ್ ಫರ್ನೇಸ್‌ನಲ್ಲಿ ರೆಫ್ರಿಜರೆಂಟ್, ಅಂದರೆ ಇಷ್ಟು ಹೊತ್ತು ಹೇಳಿದ ತಂಪು ಮಾಡುವ ಗ್ಯಾಸ್, ಇರುವುದೇ ಇಲ್ಲ; ಅಲ್ಲಿ ಉರಿಯುವುದು ಇಂಧನದ ಗ್ಯಾಸ್. ಹೀಟ್ ಪಂಪ್ ಆದರೆ ಸರಿ, ಅದರಲ್ಲಿ ರೆಫ್ರಿಜರೆಂಟ್ ಇರುತ್ತದೆ; ಫರ್ನೇಸ್‌ಗೂ 608ಕ್ಕೂ ಸಂಬಂಧವೇ ಇಲ್ಲ. ಗ್ಯಾಸ್ ಲೈನ್ ಅಳತೆ, ಹೊಗೆ ಪೈಪಿನ ಇಳಿಜಾರು, ಬೆಂಕಿ ಉರಿಯಲು ಬೇಕಾದ ಗಾಳಿ, ಹೀಟ್ ಎಕ್ಸ್‌ಚೇಂಜರ್ ಬಿರುಕು ಬಿಟ್ಟಿದೆಯಾ ಅನ್ನುವುದು, ಇದರಲ್ಲಿ ಒಂದನ್ನೂ ಆ ಪರೀಕ್ಷೆ ಮುಟ್ಟುವುದಿಲ್ಲ. ಎಸಿ ಹಾಳಾದರೆ ಜನ ಬೆವರುತ್ತಾರೆ. ಹೊಗೆ ಪೈಪ್ ತಪ್ಪಾಗಿ ಜೋಡಿಸಿದರೆ ಕಾರ್ಬನ್ ಮೊನಾಕ್ಸೈಡ್ ಮಲಗುವ ಕೋಣೆಗೆ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲಿದ್ದವರಿಗೆ ಎಚ್ಚರವೂ ಆಗುವುದಿಲ್ಲ. ರಾಜ್ಯಗಳು ಕಂಟ್ರಾಕ್ಟರುಗಳನ್ನು ಸತಾಯಿಸಲು ಲೈಸೆನ್ಸ್ ಇಟ್ಟಿವೆ ಅನ್ನುವವರು ಇದನ್ನು ಸ್ವಲ್ಪ ಯೋಚಿಸಿ.

ಹಾಗಾದರೆ ಈ ನಂಬಿಕೆ ಯಾಕೆ ಸಾಯುವುದಿಲ್ಲ? ಕೆಲಸದ ಜಾಗದಲ್ಲಿ ಎಲ್ಲರೂ “ಇಪಿಎ ಲೈಸೆನ್ಸ್” ಅಂತಲೇ ಕರೆಯುತ್ತಾರೆ, ಅದೊಂದು. ಕೋರ್ಸ್ ಮಾರುವವರು “ಒಂದೇ ದಿನದಲ್ಲಿ ಲೈಸೆನ್ಸ್” ಅಂತ ಜಾಹೀರಾತು ಕೊಡುತ್ತಾರೆ. ಇದರ ಜೊತೆಗೆ ನನ್ನ ಪ್ರಕಾರ ಮುಖ್ಯ ಕಾರಣ ಸಪ್ಲೈ ಹೌಸ್, ಅಂದರೆ ಎಸಿ ಸಾಮಾನು ಮಾರುವ ಅಂಗಡಿ. ಅಲ್ಲಿ ಗ್ಯಾಸ್ ಸಿಲಿಂಡರ್ ಕೊಳ್ಳಲು ಹೋದಾಗ 608 ಕಾರ್ಡ್ ಕೇಳುತ್ತಾರೆ, ತೋರಿಸಿದ ಕೂಡಲೇ ಕೊಡುತ್ತಾರೆ. ಸರಕು ಕೊಟ್ಟ ಮೇಲೆ ಕೆಲಸ ಮಾಡಲೂ ಬಿಟ್ಟ ಹಾಗೆ ಅಂತ ಮನಸ್ಸಿಗೆ ಅನ್ನಿಸುತ್ತದೆ, ಅಲ್ವಾ? ಅವರು ಕೇಳುವುದು ಗ್ಯಾಸ್ ಮಾರಾಟದ ಮೇಲಿರುವ ಫೆಡರಲ್ ನಿರ್ಬಂಧಕ್ಕಾಗಿ. ನೀವು ಅದನ್ನು ಯಾರ ಮನೆಯಲ್ಲಿ, ಯಾವ ಒಪ್ಪಂದದ ಮೇಲೆ ಹಾಕುತ್ತೀರಿ ಅಂತ ನೋಡುವುದು ಕೌಂಟರಿನಲ್ಲಿ ನಿಂತವರ ಕೆಲಸವಲ್ಲ. ಅಂದಹಾಗೆ ಕಾರಿನ ಎಸಿಗೆ 608 ನಡೆಯುವುದಿಲ್ಲ, ಅದಕ್ಕೆ 609 ಅಂತ ಬೇರೆ ಸೆಕ್ಷನ್ ಇದೆ. ಆ ಜಗಳ ಇನ್ನೊಂದು ದಿನ.

ಈಗ ನಿಜವಾದ ಲೈಸೆನ್ಸ್ ವಿಷಯ. ಕಂಟ್ರಾಕ್ಟರ್ ಲೈಸೆನ್ಸ್ ಕೊಡುವುದು ರಾಜ್ಯ. ಒಂದು ರಾಜ್ಯದ ನಿಯಮ ಇನ್ನೊಂದಕ್ಕೆ ಹೊಂದುವುದಿಲ್ಲ. ಟೆಕ್ಸಸ್‌ನಲ್ಲಿ ಟಿಡಿಎಲ್‌ಆರ್ ಅನ್ನುವ ಇಲಾಖೆ ಕೊಡುತ್ತದೆ. ಕ್ಲಾಸ್ ಎ ಇದ್ದರೆ ಎಷ್ಟು ದೊಡ್ಡ ಯೂನಿಟ್ ಬೇಕಾದರೂ ಮುಟ್ಟಬಹುದು, ಕ್ಲಾಸ್ ಬಿ ಇದ್ದರೆ ಕೂಲಿಂಗ್ 25 ಟನ್ನಿನವರೆಗೆ, ಹೀಟಿಂಗ್ ಗಂಟೆಗೆ 15 ಲಕ್ಷ ಬಿಟಿಯುವರೆಗೆ ಮಾತ್ರ. ಇಲ್ಲಿ ಟನ್, ಬಿಟಿಯು ಅಂದರೆ ಯಂತ್ರದ ಸಾಮರ್ಥ್ಯದ ಅಳತೆ, ತೂಕವಲ್ಲ. ಸಾಮಾನ್ಯ ದಾರಿಯಲ್ಲಿ ಹೋದರೆ ಹಿಂದಿನ 72 ತಿಂಗಳಲ್ಲಿ 48 ತಿಂಗಳ ಅನುಭವ ತೋರಿಸಬೇಕು, ಇನ್ಶೂರೆನ್ಸ್ ಇರಬೇಕು. ನಾರ್ತ್ ಕ್ಯಾರೊಲಿನಾದಲ್ಲಿ ಗೆರೆ ಎಳೆದಿರುವುದು 15 ಟನ್ನಿಗೆ. ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ಇಲಿನಾಯ್, ಕೊಲರಾಡೊ, ಮಿಸ್ಸೂರಿಯಂಥ ಕಡೆ ಇಡೀ ರಾಜ್ಯಕ್ಕೆ ಅನ್ವಯಿಸುವ ಎಚ್‌ವಿಎಸಿ (ಹೀಟಿಂಗ್, ಎಸಿ) ಲೈಸೆನ್ಸ್ ಇಲ್ಲವೇ ಇಲ್ಲ. ಇದನ್ನು ಓದಿ “ಆಹಾ” ಅಂತ ಕುಣಿಯಬೇಡಿ. ರಾಜ್ಯ ಬಿಟ್ಟದ್ದನ್ನು ಸಿಟಿ, ಕೌಂಟಿಗಳು ಹಿಡಿದುಕೊಂಡಿರುತ್ತವೆ, ಡೆನ್ವರ್‌ಗೆ ಅದರದ್ದೇ ಲೈಸೆನ್ಸ್ ಇದೆ. ಪೆನ್ಸಿಲ್ವೇನಿಯಾದಲ್ಲಿ ಮನೆ ರಿಪೇರಿ ಕೆಲಸ ಹಿಡಿಯುವವರು ಅಟಾರ್ನಿ ಜನರಲ್ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು.

ನಿಮ್ಮ ಕ್ಯಾಲಿಫೋರ್ನಿಯಾದಲ್ಲಿ ಬೇಕಾದದ್ದು ಸಿ-20, ಅಂದರೆ ಹೀಟಿಂಗ್, ಎಸಿ ಕಂಟ್ರಾಕ್ಟರ್ ಲೈಸೆನ್ಸ್. ಕೊಡುವವರು ಸಿಎಸ್‌ಎಲ್‌ಬಿ, ಅಂದರೆ ರಾಜ್ಯದ ಕಂಟ್ರಾಕ್ಟರ್ ಲೈಸೆನ್ಸ್ ಬೋರ್ಡ್. ಕಾನೂನು ಮತ್ತು ವ್ಯವಹಾರದ ಮೇಲೊಂದು ಪರೀಕ್ಷೆ, ಕೆಲಸದ ಮೇಲೊಂದು ಪರೀಕ್ಷೆ. ಬೆರಳಚ್ಚು ಕೊಡಬೇಕು. 25,000 ಡಾಲರಿನ ಬಾಂಡ್ ಬೇಕು. ಅಷ್ಟು ದುಡ್ಡು ನೀವೇ ಕಟ್ಟಬೇಕಿಲ್ಲ, ಶ್ಯೂರಿಟಿ ಕಂಪನಿಗೆ ವರ್ಷಕ್ಕಿಷ್ಟು ಪ್ರೀಮಿಯಂ ಕಟ್ಟಿದರೆ ಅವರು ಬಾಂಡ್ ಬರೆದುಕೊಡುತ್ತಾರೆ. ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದಿದ್ದರೆ ಐಟಿಐಎನ್ ಅನ್ನುವ ತೆರಿಗೆ ನಂಬರ್ ನಡೆಯುತ್ತದೆ.

ಇದೆಲ್ಲ ಸಣ್ಣ ವಿಷಯ. ಜನ ಒದ್ದಾಡುವುದು ಅನುಭವದ ಹತ್ತಿರ. ಅರ್ಜಿ ಹಾಕುವ ದಿನಕ್ಕೆ ಹಿಂದಿನ 10 ವರ್ಷಗಳಲ್ಲಿ 4 ವರ್ಷ ಜರ್ನಿಮನ್ ಮಟ್ಟದಲ್ಲಿ ಅಥವಾ ಅದಕ್ಕೂ ಮೇಲೆ ದುಡಿದಿರಬೇಕು. ಅಂದರೆ ಮೇಲೆ ಯಾರೂ ನಿಂತು ಹೇಳಿಕೊಡದೆ ಕೆಲಸ ಪೂರ್ತಿ ಮುಗಿಸುವ ಮಟ್ಟ. ಹೆಲ್ಪರ್ ಆಗಿ ಡಕ್ಟ್ ಹೊತ್ತ ದಿನಗಳು ಇದಕ್ಕೆ ಸೇರುವುದಿಲ್ಲ. ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರು, ಮಾಲೀಕರೋ ಜೊತೆಗೆ ದುಡಿದ ಜರ್ನಿಮನ್ನೋ ಇನ್‌ಸ್ಪೆಕ್ಟರೋ, ಫಾರ್ಮಿಗೆ ಸಹಿ ಹಾಕಬೇಕು. ಜಗಳ ಮಾಡಿಕೊಂಡು ಬಿಟ್ಟು ಬಂದ ಮಾಲೀಕನ ಸಹಿಗಾಗಿ ವರ್ಷಗಳ ನಂತರ ಹೋಗಿ ನಿಲ್ಲಬೇಕಾಗುತ್ತದೆ. ಅದಕ್ಕೇ ಹೇಳುವುದು, ಕೆಲಸ ಬಿಡುವಾಗ ನೆಟ್ಟಗೆ ಬಿಡಿ, ಸಂಬಳದ ಚೀಟಿ, ಡಬ್ಲ್ಯು-2 (ವರ್ಷದ ಸಂಬಳ, ತೆರಿಗೆಯ ಫಾರ್ಮ್) ಎಲ್ಲ ಎತ್ತಿಡಿ.

ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು ಎದೆಯುಬ್ಬಿಸಿ ಬರುತ್ತಾರೆ. ಓದಿಗೂ ಅಪ್ರೆಂಟಿಸ್‌ಶಿಪ್ ಮುಗಿಸಿದ್ದಕ್ಕೂ ಬೋರ್ಡ್ ಸ್ವಲ್ಪ ಬೆಲೆ ಕೊಡುತ್ತದೆ ನಿಜ, ಆದರೆ ಜಾಸ್ತಿ ಅಂದರೆ 3 ವರ್ಷ. ಉಳಿದ ಒಂದು ವರ್ಷ ಅಟ್ಟದ ಮೇಲೆ ಬೆವರಲೇಬೇಕು, ಅದಕ್ಕೆ ಡಿಗ್ರಿಯಿಂದ ರಿಯಾಯಿತಿ ಇಲ್ಲ.

ಅನುಭವ ಇಲ್ಲದವರಿಗೆ ಯಾರೋ ಒಬ್ಬರು ಕಿವಿಯಲ್ಲಿ ಹೇಳಿರುತ್ತಾರೆ: ಲೈಸೆನ್ಸ್ ಇರುವವರೊಬ್ಬರ ಹೆಸರು ಹಾಕಿಕೋ, ತಿಂಗಳಿಗಿಷ್ಟು ಕೊಟ್ಟರೆ ಆಯಿತು. ಇನ್ನೊಬ್ಬರ ಅರ್ಹತೆಯ ಮೇಲೆ ಕಂಪನಿಗೆ ಲೈಸೆನ್ಸ್ ಪಡೆಯುವ ದಾರಿ ಕಾನೂನಿನಲ್ಲೇ ಇದೆ. ಆದರೆ ಹಾಗೆ ನೌಕರನಾಗಿ ಬಂದವರು ವಾರಕ್ಕೆ 32 ಗಂಟೆ ಅಥವಾ ಕಂಪನಿ ನಡೆಯುವ ಹೊತ್ತಿನ ಶೇ. 80, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಹೊತ್ತು ನಿಜವಾಗಿಯೂ ಅಲ್ಲಿ ದುಡಿಯಬೇಕು. ಸಹಿ ಹಾಕಿ ಮನೆಯಲ್ಲಿ ಕೂತರೆ ಇಬ್ಬರೂ ಸಿಕ್ಕಿಬೀಳುತ್ತಾರೆ.

ಇಲ್ಲಿಗೆ ನಿಮ್ಮ ಪ್ರಶ್ನೆ ಮುಗಿಯಿತು. ಆದರೆ ನೀವು ಕೇಳದ ಒಂದು ಪ್ರಶ್ನೆ ಇದೆ, ನನಗೆ ಅದೇ ಮುಖ್ಯ ಅನ್ನಿಸುತ್ತದೆ. ಲೈಸೆನ್ಸ್ ಇಲ್ಲದೆ ಕೆಲಸ ಮಾಡಿ, ಚೆನ್ನಾಗಿಯೇ ಮಾಡಿ, ಗಿರಾಕಿ ದುಡ್ಡು ಕೊಡದಿದ್ದರೆ?

ಎಲ್ಲರೂ ದಂಡ, ಜೈಲು ಅಂತ ಹೆದರುತ್ತಾರೆ. ಅದೂ ಇದೆ: ಮೊದಲ ಸಲಕ್ಕೇ 6 ತಿಂಗಳವರೆಗೆ ಜೈಲು, 5,000 ಡಾಲರ್‌ವರೆಗೆ ದಂಡ ಆಗಬಹುದು. ಆದರೆ ನಿಜವಾದ ಹೊಡೆತ ಇರುವುದು ಕ್ಯಾಲಿಫೋರ್ನಿಯಾ ಬಿಸಿನೆಸ್ ಆಂಡ್ ಪ್ರೊಫೆಶನ್ಸ್ ಕೋಡಿನ 7031ನೇ ಸೆಕ್ಷನ್ನಿನಲ್ಲಿ. ಲೈಸೆನ್ಸ್ ಇಲ್ಲದವರು ಕೂಲಿಗಾಗಿ ಕೋರ್ಟಿಗೆ ಹೋಗುವಂತಿಲ್ಲ. ಅಷ್ಟಕ್ಕೇ ನಿಲ್ಲುವುದಿಲ್ಲ, ಗಿರಾಕಿ ಆಗಲೇ ಕೊಟ್ಟಿರುವ ದುಡ್ಡನ್ನೂ ವಾಪಸ್ ಕೇಳಬಹುದು. ನೀವು ಕೊಂಡು ತಂದ ಯೂನಿಟ್ಟಿನ ಬೆಲೆ ಕಳೆದು ಅಂತ ಅಲ್ಲ, ಕೊಟ್ಟಷ್ಟೂ. ಯೂನಿಟ್ ಅವರ ಮನೆಯಲ್ಲೇ ಗಾಳಿ ಬೀಸುತ್ತಾ ಇರುತ್ತದೆ. ನಿಮಗೆ ಲೈಸೆನ್ಸ್ ಇಲ್ಲ ಅಂತ ಗಿರಾಕಿಗೆ ಮೊದಲೇ ಗೊತ್ತಿದ್ದರೂ ಇದೇ ಲೆಕ್ಕ. 1991ರಲ್ಲಿ ಹೈಡ್ರೋಟೆಕ್ ಅನ್ನುವ ಕಂಪನಿಯ ಕೇಸಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಆ ಕಂಪನಿ ಒಂದು ವಾಟರ್ ಪಾರ್ಕಿಗೆ ಅಲೆ ಎಬ್ಬಿಸುವ ಯಂತ್ರ ಕೂರಿಸಿತ್ತು. ದುಡ್ಡು ಕೊಡುವ ಉದ್ದೇಶವೇ ಇಲ್ಲದೆ ನಮ್ಮನ್ನು ನಂಬಿಸಿದರು ಎಂದು ಅದು ವಾದಿಸಿದರೂ, ಲೈಸೆನ್ಸ್ ಇಲ್ಲದೆ ಮಾಡಿದ ಕೆಲಸದ ಹಣ ಆ ದಾರಿಯಲ್ಲೂ ಸಿಗುವುದಿಲ್ಲ ಎಂದಿತು ಕೋರ್ಟು.

ಲೈಸೆನ್ಸ್ ಇದ್ದವರೂ ಇದರಲ್ಲಿ ಜಾರಿ ಬೀಳುತ್ತಾರೆ. ಕೆಲಸ ನಡೆಯುವಷ್ಟು ದಿನವೂ ಅದು ಚಾಲ್ತಿಯಲ್ಲಿರಬೇಕು. 2023ರಿಂದ ಸಿ-20 ಇರುವ ಪ್ರತಿಯೊಬ್ಬರೂ, ಒಬ್ಬನೇ ಒಬ್ಬ ನೌಕರ ಇಲ್ಲದಿದ್ದರೂ, ವರ್ಕರ್ಸ್ ಕಾಂಪನ್ಸೇಶನ್ ವಿಮೆ, ಅಂದರೆ ಕೆಲಸದಲ್ಲಿ ಗಾಯವಾದವರಿಗೆ ಪರಿಹಾರ ಕೊಡುವ ವಿಮೆ, ಇಟ್ಟಿರಬೇಕು. ಒಂಟಿಯಾಗಿ ದುಡಿಯುವವರು “ನನಗ್ಯಾಕೆ ಅದು” ಅಂತ ಕಂತು ಕಟ್ಟುವುದು ಬಿಟ್ಟರೆ ಲೈಸೆನ್ಸ್ ತಾನಾಗಿ ಅಮಾನತ್ತಾಗುತ್ತದೆ. ಆಮೇಲೆ ಮಾಡಿದ ಕೆಲಸ 7031ರ ಬಾಯಿಗೆ.

“ಸಣ್ಣ ಕೆಲಸಕ್ಕೆ ವಿನಾಯಿತಿ ಇದೆಯಲ್ಲ” ಅಂತ ಈಗ ಯಾರಾದರೂ ಹೇಳೇ ಹೇಳುತ್ತೀರಿ. ಇದೆ. 500 ಡಾಲರ್ ಇದ್ದದ್ದನ್ನು 2025ರ ಜನವರಿಯಿಂದ 1,000 ಡಾಲರಿಗೆ ಏರಿಸಿದ್ದಾರೆ. ಕೂಲಿ, ಸಾಮಾನು ಎಲ್ಲ ಸೇರಿ ಆ ಮೊತ್ತದ ಒಳಗಿರಬೇಕು, ಕೂಲಿಗೆ ಯಾರನ್ನೂ ಇಟ್ಟುಕೊಂಡಿರಬಾರದು, ಆ ಕೆಲಸಕ್ಕೆ ಬಿಲ್ಡಿಂಗ್ ಪರ್ಮಿಟ್ ಬೇಕಾಗಿರಬಾರದು, ದೊಡ್ಡ ಕೆಲಸವನ್ನು ತುಂಡು ತುಂಡಾಗಿ ಬಿಲ್ ಮಾಡಲೂಬಾರದು. ಹಳೆ ಎಸಿ ತೆಗೆದು ಹೊಸದು ಕೂರಿಸುವುದಕ್ಕೆ ಪರ್ಮಿಟ್ ಬೇಕು, ಫರ್ನೇಸಿಗೂ ಬೇಕು. ಹಾಗಾಗಿ ಬೆಲೆ ಎಷ್ಟೇ ಇಳಿಸಿದರೂ ಅವೆರಡೂ ಈ ವಿನಾಯಿತಿಯೊಳಗೆ ಬರುವುದಿಲ್ಲ. ಉಳಿಯುವುದು ಫಿಲ್ಟರ್ ಬದಲಿಸುವುದು, ಕಾಯಿಲ್ ತೊಳೆಯುವುದು, ಥರ್ಮೋಸ್ಟಾಟ್ ಹಾಕಿಕೊಡುವುದು, ಇಂಥವು. ಅದಕ್ಕೂ ಜಾಹೀರಾತು ಕೊಡುವುದಾದರೆ, ನನಗೆ ಲೈಸೆನ್ಸ್ ಇಲ್ಲ ಅಂತ ಜಾಹೀರಾತಿನಲ್ಲೇ ಬರೆಯಬೇಕು.