ಜೈವಿಕ ಇಂಧನ ನೀತಿ: ನೀರಿನ ಲೆಕ್ಕ ಎಲ್ಲಿದೆ?

ಮೊದಲು ನೀತಿಗಳನ್ನು ಬೇಗ ನೋಡಿಬಿಡೋಣ. 1973ರಲ್ಲಿ ಕಚ್ಚಾತೈಲದ ಬೆಲೆ ಏರಿದ ಮೇಲೆ, 1975ರಲ್ಲಿ ಬ್ರೆಜಿಲ್ ಕಬ್ಬಿನ ಎಥನಾಲ್ ಯೋಜನೆ ಶುರು ಮಾಡಿತು. ಅಮೆರಿಕ 2005ರಲ್ಲಿ ಜೈವಿಕ ಇಂಧನ ಬಳಕೆ ಕಡ್ಡಾಯ ಮಾಡುವ ಕಾಯ್ದೆ ತಂದು 2007ರಲ್ಲಿ ಅದನ್ನು ವಿಸ್ತರಿಸಿತು. ಭಾರತದ 2018ರ ನೀತಿ, ಪೆಟ್ರೋಲಿನಲ್ಲಿ 20% ಎಥನಾಲ್ ಬೆರೆಸಲು 2030ರ ಗಡುವು ಇಟ್ಟಿತ್ತು. 2022ರ ತಿದ್ದುಪಡಿ ಅದನ್ನು 2025-26ಕ್ಕೆ ಹಿಂದಕ್ಕೆ ತಂದಿತು.

ಈ ಗುರಿಗಳೆಲ್ಲ ಇಂಧನದ ಪ್ರಮಾಣದಲ್ಲಿವೆ, ನೀರಿನ ಲೆಕ್ಕದಲ್ಲಲ್ಲ, ಗಮನಿಸಿದಿರಾ? ಅಮೆರಿಕದ 2007ರ ಕಾಯ್ದೆ ಮೂರು ವರ್ಷಕ್ಕೊಮ್ಮೆ ಪರಿಸರದ ವರದಿ ಕೇಳುತ್ತದೆ, ಅದರಲ್ಲಿ ನೀರಿನ ವಿಷಯವೂ ಸೇರಿದೆ. ಆದರೆ ವರದಿ ಕೊಡುವುದು ಬೇರೆ, ಮಿತಿ ಹಾಕುವುದು ಬೇರೆ.

ಈಗ ಮುಖ್ಯ ಭಾಗ. ನೀತಿ ಆಯೋಗದ 2021ರ ವರದಿ ಪ್ರಕಾರ ಒಂದು ಟನ್ ಕಬ್ಬಿನಿಂದ ಸುಮಾರು 70 ಲೀಟರ್ ಎಥನಾಲ್ ಸಿಗುತ್ತದೆ. ಒಂದು ಲೀಟರಿಗೆ ಬೇಕಾಗುವ ನೀರು ಸುಮಾರು 2,860 ಲೀಟರ್. ನೀವೇ ಗುಣಿಸಿ ನೋಡಿ: 20% ಮಿಶ್ರಣ ಇರುವ 40 ಲೀಟರ್ ಟ್ಯಾಂಕಿನಲ್ಲಿ 8 ಲೀಟರ್ ಎಥನಾಲ್ ಇರುತ್ತದೆ. ಅದೆಲ್ಲ ಕಬ್ಬಿನದ್ದೇ ಆದರೆ ನೀರು ಸುಮಾರು 22,880 ಲೀಟರ್! ಇದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಹೊಲದಲ್ಲೇ ಖರ್ಚಾಗುತ್ತದೆ. ಕಾರ್ಖಾನೆಗೆ ಬೇಕಾಗುವುದು ತೀರಾ ಕಡಿಮೆ. ಹಾಗಾಗಿ ಕಾರ್ಖಾನೆಯೊಳಗಿನ ಉಳಿತಾಯವನ್ನಷ್ಟೇ ತೋರಿಸಿದರೆ ಸಾಲದು.

ಆದರೆ ಈ ಅಂಕಿಯನ್ನು ಸುಮ್ನೆ ಬಾಯಿಪಾಠ ಮಾಡಬೇಡಿ. ಅದು ಎಲ್ಲಿಯ ನೀರು ಎಂಬುದನ್ನು ಕೇಳಬೇಕು. ಹೊಲದ ಮೇಲೆ ಬಿದ್ದ ಮಳೆ ಮಣ್ಣಿನಲ್ಲಿ ನಿಂತು ಬೆಳೆಗೆ ಸಿಕ್ಕರೆ ಅದು ಹಸಿರು ನೀರು. ನದಿ, ಕೆರೆ, ಕೊಳವೆಬಾವಿಯಿಂದ ಎತ್ತಿದ್ದು ನೀಲಿ ನೀರು. ಗೊಬ್ಬರದಿಂದ ಕೆಟ್ಟ ನೀರನ್ನು ತೆಳುಗೊಳಿಸಲು ಬೇಕಾಗುವುದು ಬೂದು ನೀರು. ಬ್ರೆಜಿಲ್‌ನ ಕಬ್ಬು ಬಹುಪಾಲು ಮಳೆಯಲ್ಲೇ ಬೆಳೆಯುತ್ತದೆ. ಅಮೆರಿಕದ ಅಯೋವಾದ ಮೆಕ್ಕೆಜೋಳವೂ ಹಾಗೆಯೇ. ಪಕ್ಕದ ನೆಬ್ರಾಸ್ಕಾದಲ್ಲಿ ಮಾತ್ರ ಅದೇ ಬೆಳೆಗೆ ಓಗಲಾಲಾ ಅಂತರ್ಜಲವನ್ನು ಜಾಸ್ತಿ ಎತ್ತುತ್ತಾರೆ. ಬೆಳೆ ಒಂದೇ, ನೀರಿನ ಹೊರೆ ಬೇರೆ. ನನ್ನ ಪ್ರಕಾರ ಇಡೀ ಪಾಠದಲ್ಲಿ ಇದೇ ಮುಖ್ಯ. ಅಂತರ್ಜಲ ತುಂಬಿಕೊಳ್ಳುವುದಕ್ಕಿಂತ ವೇಗವಾಗಿ ಖಾಲಿಯಾಗುವ ಕಡೆ, ನೀತಿಯ ಸಹಾಯಧನ ಕೊಳವೆಬಾವಿಗೇ ಕೊಟ್ಟಂತಾಗುತ್ತದೆ, ಅಲ್ವಾ?

ಬೂದು ನೀರಿಗೂ ಉದಾಹರಣೆ ಇದೆ. ಮೆಕ್ಕೆಜೋಳದ ಹೊಲದಿಂದ ಹರಿದ ನೈಟ್ರೇಟ್ ಮಿಸಿಸಿಪ್ಪಿ ನದಿ ಸೇರಿ ಮೆಕ್ಸಿಕೋ ಕೊಲ್ಲಿಗೆ ಹೋಗುತ್ತದೆ. ಅಲ್ಲಿ ಪಾಚಿ ಬೆಳೆದು ಕೊಳೆಯುತ್ತದೆ, ಆಮ್ಲಜನಕ ಇಳಿಯುತ್ತದೆ, ಮೀನುಗಳಿಗೆ ಬದುಕಲು ಆಗದ ವಲಯ ಪ್ರತಿ ಬೇಸಿಗೆಯಲ್ಲೂ ಹುಟ್ಟುತ್ತದೆ.

ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಮಾಡಿದ ಎಥನಾಲ್ ಆದರೆ ಲೆಕ್ಕ ಬದಲಾಗುತ್ತದೆ, ಏಕೆಂದರೆ ಕಬ್ಬಿನ ನೀರು ಸಕ್ಕರೆಗೂ ಹಂಚಿಹೋಗುತ್ತದೆ. ಎರಡನೇ ತಲೆಮಾರಿನ ಇಂಧನಕ್ಕೆ, ಅಂದರೆ ಬೆಳೆಯ ಉಳಿಕೆಯಿಂದ ಮಾಡುವ ಇಂಧನಕ್ಕೆ, ಹುಲ್ಲು, ಸಿಪ್ಪೆ ಸಾಕು. ಅದಕ್ಕಾಗಿಯೇ ಹೊಸದಾಗಿ ನೀರು ಹಾಯಿಸಬೇಕಿಲ್ಲ. ಆದರೆ ಹೊಲದ ಹುಲ್ಲನ್ನೆಲ್ಲ ಬಾಚಿಕೊಂಡರೆ ಮಣ್ಣಿನ ತೇವ ಬೇಗ ಆರುತ್ತದೆ. ಹೊಲದಲ್ಲಿ ಎಷ್ಟು ಬಿಡಬೇಕು ಎಂಬುದನ್ನೂ ನೀತಿಯೇ ಹೇಳಬೇಕು.