ಅರ್ಧ ಮಿಲಿಮೀಟರಿನೊಳಗಿನ ರಸಾಯನ

ದಹನ ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡಲು ಬರುವವರ ಕಣ್ಣು ಮೊದಲು ಬೀಳುವುದು ಜ್ವಾಲೆಯನ್ನು ಅಳೆಯುವ ಲೇಸರ್ ಮೇಲೆ. ಕೋಣೆಯಲ್ಲಿ ಎಲ್ಲಕ್ಕಿಂತ ದುಬಾರಿಯಾದದ್ದು ಅದೇ, ನೋಡಲು ಚೆಂದವೂ ಅದೇ. ಆದರೆ ಅಳತೆಗೂ ಲೆಕ್ಕಕ್ಕೂ ತಾಳೆಯಾಗದೆ ಹೋದಾಗ ಹುಳುಕು ಅನೇಕ ಸಲ ಸಿಗುವುದು ಬರ್ನರಿನಲ್ಲಿ, ಇಲ್ಲವೇ ಅನಿಲದ ಹರಿವನ್ನು ನಿಯಂತ್ರಿಸುವ ಪುಟ್ಟ ಪೆಟ್ಟಿಗೆಯಲ್ಲಿ.

ಅಳೆಯಬೇಕಾದ ಜಾಗ ಎಷ್ಟು ಚಿಕ್ಕದು ನೋಡಿ. ವಾತಾವರಣದ ಒತ್ತಡದಲ್ಲಿ ಉರಿಯುವ ಮೀಥೇನ್ ಜ್ವಾಲೆಯಲ್ಲಿ ತಣ್ಣಗಿನ ಅನಿಲ 2,000 ಕೆಲ್ವಿನ್ ಆಸುಪಾಸಿಗೆ ಏರುವುದು ಸುಮಾರು ಅರ್ಧ ಮಿಲಿಮೀಟರ್ ಅಂತರದಲ್ಲಿ. ಇಂಧನ ಒಡೆಯುವುದು, ಜಲಜನಕದ ಪರಮಾಣು ಆಮ್ಲಜನಕದ ಅಣುವನ್ನು ಸೀಳಿ, ಕೂಡಿಕೊಳ್ಳಲು ಹಾತೊರೆಯುವ ತುಣುಕು, ಅಂದರೆ ಒಂದು ರ್‍ಯಾಡಿಕಲ್ ಇದ್ದಲ್ಲಿ ಎರಡನ್ನು ಹುಟ್ಟಿಸುವುದು, ನೀಲಿ ಬೆಳಕು ಕೊಡುವ ಸಿಎಚ್ (ಒಂದು ಇಂಗಾಲ, ಒಂದು ಜಲಜನಕದ ತುಣುಕು) ಹುಟ್ಟಿ ಸಾಯುವುದು, ಎಲ್ಲವೂ ಅಷ್ಟರೊಳಗೇ. ಹರಿತವಾಗಿ ಕೇಂದ್ರೀಕರಿಸಿದ ಲೇಸರ್ ಕಿರಣದ ದಪ್ಪವೇ 0.1 ಮಿಲಿಮೀಟರ್ ಇರುವಾಗ ಅಲ್ಲಿ ನಾಲ್ಕೈದು ಬಿಂದುಗಳಿಗಿಂತ ಹೆಚ್ಚು ಸಿಗುವುದಿಲ್ಲ. ಅದಕ್ಕೇ ರಸಾಯನಶಾಸ್ತ್ರಜ್ಞರು ಜ್ವಾಲೆಯನ್ನು ನಿರ್ವಾತ ಕೋಶದೊಳಗಿಟ್ಟು 30–40 ಟಾರ್ ಒತ್ತಡಕ್ಕೆ, ಅಂದರೆ ವಾತಾವರಣದ ಒತ್ತಡದ ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ, ಇಳಿಸುತ್ತಾರೆ. ಜ್ವಾಲೆಯ ದಪ್ಪ ಒತ್ತಡಕ್ಕೆ ಹೆಚ್ಚುಕಡಿಮೆ ವಿಲೋಮ. ಅರ್ಧ ಮಿಲಿಮೀಟರಿನ ಪದರ ಒಂದು ಸೆಂಟಿಮೀಟರಿನಷ್ಟು ಹಿಗ್ಗುತ್ತದೆ. ಪಂಪಿನ ಮಿಡಿತ ಜ್ವಾಲೆಗೆ ತಟ್ಟದಂತೆ ನೋಡಿಕೊಳ್ಳುವುದು ಆಗ ಬೇರೆಯೇ ಕೆಲಸ.

ಬರ್ನರ್ ಎಂದರೆ ಸಾಮಾನ್ಯವಾಗಿ 60 ಮಿಲಿಮೀಟರ್ ವ್ಯಾಸದ, ರಂಧ್ರಮಯ ಕಂಚಿನ ಬಿಲ್ಲೆ. ಒಳಗೆ ತಣ್ಣೀರಿನ ಸುರುಳಿ, ಸುತ್ತ ಸಾರಜನಕದ ಪರದೆ. ತಣ್ಣಗಿನ ಅನಿಲ ಸೆಕೆಂಡಿಗೆ 20 ಸೆಂಟಿಮೀಟರ್ ವೇಗದಲ್ಲಿ ಹೊರಬರಬೇಕಾದರೆ ನಿಮಿಷಕ್ಕೆ 34 ಲೀಟರ್ ಮಿಶ್ರಣ ಬೇಕು: ಇಂಧನವಾಗಲಿ ಆಮ್ಲಜನಕವಾಗಲಿ ಮಿಗದಂತೆ ಸರಿಯಾಗಿ ಬೆರೆಸಿದರೆ 3.2 ಲೀಟರ್ ಮೀಥೇನ್, ಉಳಿದದ್ದು ಗಾಳಿ. ಇಲ್ಲೇ ಮೊದಲ ಎಡವಟ್ಟು. ನಿಮಿಷಕ್ಕೆ 20 ಲೀಟರ್ ಸಾಮರ್ಥ್ಯದ ಹರಿವು ನಿಯಂತ್ರಕದ ನಿಖರತೆ ಶೇಕಡಾ 1 ಎಂದು ಬರೆದಿದ್ದರೆ ಅದು ಪೂರ್ಣ ಸಾಮರ್ಥ್ಯದ ಶೇಕಡಾ 1, ಅಂದರೆ 0.2 ಲೀಟರ್. 3.2 ಲೀಟರಿನ ಮೇಲೆ ಅದು ಶೇಕಡಾ 6 ದೋಷ. 1.00 (ಯಾವುದೂ ಮಿಗದ ಮಿಶ್ರಣ) ಎಂದು ಬರೆದುಕೊಂಡ ಇಂಧನ ಅನುಪಾತ ನಿಜದಲ್ಲಿ 0.94 ಇರಬಹುದು, 1.06 ಇರಬಹುದು. ಸಾರಜನಕಕ್ಕೆ ಹೊಂದಿಸಿದ ನಿಯಂತ್ರಕದಲ್ಲಿ ಮೀಥೇನ್ ಹರಿಸಿ, ಸುಮಾರು 0.72ರ ಗುಣಕವನ್ನು ಮರೆತರಂತೂ ಕೇಳುವುದೇ ಬೇಡ. ಸಾಮರ್ಥ್ಯದ ಅರ್ಧಕ್ಕಿಂತ ಮೇಲೆ ಕೆಲಸ ಮಾಡುವ ನಿಯಂತ್ರಕ ಆರಿಸಿಕೊಳ್ಳಿ. ಕಾರ್ಖಾನೆಯ ಪ್ರಮಾಣಪತ್ರವನ್ನು ನಂಬಿ ಕೂರದೆ ಸಾಬೂನು ಗುಳ್ಳೆ ಮೀಟರಿನಲ್ಲೋ ಒದ್ದೆ ಮೀಟರಿನಲ್ಲೋ ಒಮ್ಮೆ ಅಳೆದುಬಿಡಿ.

ಇನ್ನೊಂದು ಮಾತು. ಪುಸ್ತಕದ ಕೋಷ್ಟಕದಲ್ಲಿ ಈ ಮಿಶ್ರಣದ ಉಷ್ಣತೆ ಸುಮಾರು 2,226 ಕೆಲ್ವಿನ್ ಎಂದಿರುತ್ತದೆ. ನಿಮ್ಮ ಬರ್ನರಿನಲ್ಲಿ ಅದಕ್ಕಿಂತ ಗಣನೀಯವಾಗಿ ಕಡಿಮೆ ಸಿಕ್ಕರೆ ಗಾಬರಿ ಬೇಡ. ಈ ಜ್ವಾಲೆಯ ಸಹಜ ವೇಗ, ಅಂದರೆ ತಣ್ಣಗಿನ ಮಿಶ್ರಣದೊಳಕ್ಕೆ ಅದು ಮುನ್ನುಗ್ಗುವ ವೇಗ, ಸೆಕೆಂಡಿಗೆ ಸುಮಾರು 37 ಸೆಂಟಿಮೀಟರ್. ಅದಕ್ಕಿಂತ ನಿಧಾನವಾಗಿ ಅನಿಲ ಬಿಟ್ಟಾಗ ಜ್ವಾಲೆ ಬಿಲ್ಲೆಯ ಹತ್ತಿರ ಸರಿದು ಅದಕ್ಕೆ ಶಾಖ ಕೊಟ್ಟು ನಿಲ್ಲುತ್ತದೆ. ಆ ಶಾಖ ನೀರಿನ ಜೊತೆ ಹೋಗುತ್ತದೆ. ನೀರು ಒಳಬರುವ, ಹೊರಹೋಗುವ ಉಷ್ಣತೆಗಳನ್ನೂ ಅದರ ಹರಿವನ್ನೂ ಬರೆದಿಟ್ಟುಕೊಂಡರೆ ಕಳೆದುಹೋದದ್ದರ ಲೆಕ್ಕ ಪೈಸೆ ಪೈಸೆಯಾಗಿ ಸಿಗುತ್ತದೆ.

ಉಷ್ಣತೆ ಅಳೆಯಲು ಅಗ್ಗದ ದಾರಿ ಪ್ಲಾಟಿನಂ–ರೋಡಿಯಂ ಥರ್ಮೋಕಪಲ್: ಎರಡು ತಂತಿಗಳನ್ನು ಬೆಸೆದ ಮಣಿ ಬಿಸಿಯಾದಾಗ ಹುಟ್ಟುವ ವೋಲ್ಟೇಜನ್ನು ಓದುವ ಸಾಧನ. ಅಗ್ಗ ಎಂದ ಮಾತ್ರಕ್ಕೆ ಸುಲಭವಲ್ಲ. ಪ್ಲಾಟಿನಂ 2,041 ಕೆಲ್ವಿನ್‌ನಲ್ಲಿ ಕರಗುತ್ತದೆ, ಆದ್ದರಿಂದ ಬಿಸಿ ಜ್ವಾಲೆಗೆ ರೋಡಿಯಂ ಹೆಚ್ಚಿರುವ ತಂತಿ ಬೇಕು. ಬಿಸಿಯಾದ ಮಣಿ ಸುತ್ತಲಿನ ತಣ್ಣಗಿನ ಗೋಡೆಗಳತ್ತ ಶಾಖ ಸೂಸುತ್ತಲೇ ಇರುವುದರಿಂದ ಅದು ತೋರಿಸುವುದು ಅನಿಲದ ಉಷ್ಣತೆಯನ್ನಲ್ಲ, ತನ್ನದನ್ನು. 1,800 ಕೆಲ್ವಿನ್‌ನಲ್ಲಿ 0.1 ಮಿಲಿಮೀಟರಿನ ಮಣಿಗೆ ಈ ವ್ಯತ್ಯಾಸ ನೂರು ಕೆಲ್ವಿನ್ ಸುತ್ತಮುತ್ತ ಬರುತ್ತದೆ. ತಂತಿ ತೆಳುವಾದಷ್ಟೂ ವ್ಯತ್ಯಾಸ ಇಳಿಯುತ್ತದೆ. ಎರಡು ಮೂರು ದಪ್ಪದ ತಂತಿಗಳಲ್ಲಿ ಅಳೆದು ಶೂನ್ಯ ದಪ್ಪಕ್ಕೆ ಗೆರೆ ಎಳೆಯುವುದು ಹಳೆಯ, ಇಂದಿಗೂ ಒಳ್ಳೆಯ ಉಪಾಯ. ಇದರ ತದ್ವಿರುದ್ಧ ದಿಕ್ಕಿನ ದೋಷವೂ ಉಂಟು: ಪ್ಲಾಟಿನಂ ಮೇಲ್ಮೈಯಲ್ಲಿ ರ್‍ಯಾಡಿಕಲ್‌ಗಳು ಮತ್ತೆ ಕೂಡಿಕೊಂಡು ಶಾಖ ಬಿಡುತ್ತವೆ, ಓದು ಏರುತ್ತದೆ. ತಡೆಯಲು ಸಿಲಿಕಾ ಲೇಪಿಸಿದರೆ ಇಂಧನ ಹೆಚ್ಚಿರುವ ಜ್ವಾಲೆಯಲ್ಲಿ ಆ ಸಿಲಿಕಾವೇ ಆಮ್ಲಜನಕ ಕಳೆದುಕೊಂಡು (ಅಪಕರ್ಷಣಗೊಂಡು) ಪ್ಲಾಟಿನಂ ತಂತಿಯನ್ನು ತಿನ್ನುತ್ತದೆ. ಮಸಿ ಹಿಡಿಯುವ ಜ್ವಾಲೆಯಲ್ಲಿ ಮಣಿ ಕಪ್ಪಾಗುತ್ತಿದ್ದಂತೆ ಹೆಚ್ಚು ಶಾಖ ಸೂಸುತ್ತದೆ, ಓದು ಕಣ್ಣೆದುರೇ ಜಾರುತ್ತದೆ. ಅಂಥಲ್ಲಿ ತಂತಿಯನ್ನು ಥಟ್ಟನೆ ಒಳತಳ್ಳಿ, ಮಸಿ ಕೂರುವ ಮೊದಲಿನ ಓದನ್ನು ಹಿಡಿಯಬೇಕು.

ಐವತ್ತು ಕೆಲ್ವಿನ್ ಆಚೀಚೆಯಾದರೆ ಏನು ಮಹಾ ಎನ್ನುವವರಿಗೆ ಒಂದು ಲೆಕ್ಕ. ಆಮ್ಲಜನಕದ ಪರಮಾಣು ಸಾರಜನಕದ ಅಣುವನ್ನು ಒಡೆದು ನೈಟ್ರಿಕ್ ಆಕ್ಸೈಡ್ ಮಾಡುವ ಕ್ರಿಯೆಯ ಸಕ್ರಿಯಣ ಉಷ್ಣತೆ (ಕ್ರಿಯೆ ದಾಟಬೇಕಾದ ಶಕ್ತಿಯ ತಡೆಯನ್ನು ಕೆಲ್ವಿನ್‌ನಲ್ಲಿ ಹೇಳಿದ್ದು) ಸುಮಾರು 38,000 ಕೆಲ್ವಿನ್. ಜ್ವಾಲೆ 2,000ದಿಂದ 2,050ಕ್ಕೆ ಏರಿದರೆ ಆ ಕ್ರಿಯೆಯ ದರ ಶೇಕಡಾ 60ರಷ್ಟು ಹೆಚ್ಚುತ್ತದೆ. ಉಷ್ಣತೆ ಸರಿಯಿಲ್ಲದೆ ಮಾಲಿನ್ಯದ ರಸಾಯನದ ಬಗ್ಗೆ ಮಾತಾಡುವುದು ಗಾಳಿಗೆ ಗುದ್ದಿದಂತೆ.

ಈಗ ಲೇಸರ್. ಹೈಡ್ರಾಕ್ಸಿಲ್ (ಒಂದು ಆಮ್ಲಜನಕ, ಒಂದು ಜಲಜನಕದ ತುಣುಕು) ಅನ್ನು 283 ನ್ಯಾನೋಮೀಟರ್ ಸಮೀಪ ಪ್ರಚೋದಿಸಿ, 308ರ ಸುತ್ತ ಅದು ಹೊರಸೂಸುವ ಪ್ರತಿದೀಪ್ತಿಯನ್ನು ಹಿಡಿಯುವುದು ರೂಢಿ. ಸಾದಾ ಗಾಜು ಈ ಅಲೆಯುದ್ದಗಳನ್ನು ನುಂಗುವುದರಿಂದ ಮಸೂರ, ಕಿಟಕಿ ಎಲ್ಲ ಶುದ್ಧ ಸಿಲಿಕಾದವು. ಪ್ರಚೋದಿತ ಅಣು ತನ್ನ ಪಾಡಿಗೆ ಇದ್ದರೆ ಸುಮಾರು 700 ನ್ಯಾನೋಸೆಕೆಂಡ್ ಬದುಕಿ ಬೆಳಕು ಕೊಡುತ್ತಿತ್ತು. ವಾತಾವರಣದ ಒತ್ತಡದ ಜ್ವಾಲೆಯಲ್ಲಿ ಅದಕ್ಕೆ ಸಿಗುವುದು 2 ನ್ಯಾನೋಸೆಕೆಂಡ್ ಅಷ್ಟೇ. ಅಷ್ಟರಲ್ಲಿ ನೀರಿನ ಅಣುವೋ ಇಂಗಾಲದ ಡೈಆಕ್ಸೈಡೋ ಡಿಕ್ಕಿ ಹೊಡೆದು ಶಕ್ತಿಯನ್ನು ಕಸಿದುಕೊಂಡಿರುತ್ತದೆ. ಸಾವಿರ ಅಣುಗಳಲ್ಲಿ ಬೆಳಕು ಕೊಡುವುದು ಮೂರು. ಈ ನಷ್ಟ ಎಲ್ಲೆಡೆ ಒಂದೇ ಅಲ್ಲ; ಸುತ್ತ ಯಾವ ಅನಿಲ, ಎಷ್ಟು ಬಿಸಿ ಎಂಬುದರ ಮೇಲೆ ಬದಲಾಗುತ್ತದೆ. ಹಾಗಾಗಿ ಕ್ಯಾಮೆರಾದಲ್ಲಿ ಹೊಳೆಯುವ ಚಿತ್ರವನ್ನು ಸಾಂದ್ರತೆಯ ನಕಾಶೆ ಎಂದು ಕರೆಯಬಾರದು. ಅದೇ ಜ್ವಾಲೆಯಲ್ಲಿ ಬೆಳಕಿನ ಹೀರಿಕೆಯನ್ನು ಅಳೆದು ಮಾಪನಾಂಕ ಕಟ್ಟಿ, ನಷ್ಟವನ್ನು ತಿದ್ದಿದ ಮೇಲೆ ಮಾತ್ರ ಅದು ಸಂಖ್ಯೆಯಾಗುತ್ತದೆ. ದಿನವೂ ಮಾಡಬೇಕಾದ ಸರಳ ಪರೀಕ್ಷೆ ಒಂದಿದೆ: ಲೇಸರ್ ಶಕ್ತಿಯನ್ನು ಅರ್ಧಕ್ಕಿಳಿಸಿದಾಗ ಸಂಕೇತವೂ ಅರ್ಧವಾಗಬೇಕು. ಆಗದಿದ್ದರೆ ಅಣುಗಳು ತೃಪ್ತ ಸ್ಥಿತಿ ಮುಟ್ಟಿವೆ, ಇಲ್ಲವೇ ಜ್ವಾಲೆಯ ಸ್ವಂತ ಬೆಳಕು ಒಳನುಗ್ಗುತ್ತಿದೆ. ಅಣುವನ್ನು ಅದರ ತಿರುಗುವಿಕೆಯ ಯಾವ ಶಕ್ತಿಮಟ್ಟದಿಂದ ಎತ್ತುತ್ತೀರಿ ಎಂಬುದೂ ಮುಖ್ಯ. ಜ್ವಾಲೆಯ ಉಷ್ಣತೆ ಬದಲಾದರೂ ಅಲ್ಲಿರುವ ಅಣುಗಳ ಪಾಲು ಅಷ್ಟಾಗಿ ಬದಲಾಗದ ಮಟ್ಟವನ್ನು ಆರಿಸಿಕೊಂಡರೆ ತಲೆನೋವು ಕಡಿಮೆ.

ಲೇಸರಿಗೆ ಕಾಣದ ಅಣುಗಳಿಗೆ, ಅವನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಇದೆ: ಜ್ವಾಲೆಯೊಳಗೆ ಸ್ಫಟಿಕಶಿಲೆಯ ಶಂಕು ಇಳಿಸಿ, ತುದಿಯ ಸಣ್ಣ ತೂತಿನಿಂದ ಅನಿಲವನ್ನು ನಿರ್ವಾತಕ್ಕೆ ಎಳೆಯುವುದು. ಆ ಶಂಕು ಜ್ವಾಲೆಯನ್ನು ತಣ್ಣಗಾಗಿಸುತ್ತದೆ ಎಂಬುದನ್ನು ಮರೆಯುವಂತಿಲ್ಲ. 28ರ ತೂಕದಲ್ಲಿ ಸಾರಜನಕ, ಇಂಗಾಲದ ಮೊನಾಕ್ಸೈಡ್, ಎಥಿಲೀನ್ ಮೂರೂ ಒಂದರ ಮೇಲೊಂದು ಕೂರುತ್ತವೆ. ವ್ಯತ್ಯಾಸ ದಶಮಾಂಶದ ಎರಡನೆಯ ಸ್ಥಾನದಲ್ಲಿ ಶುರುವಾಗುತ್ತದೆ. ತೂಕ ಪೂರ್ತಿ ಒಂದೇ ಇರುವ ಸಮಾಂಗಿಗಳನ್ನು (ಅದೇ ಪರಮಾಣುಗಳು ಬೇರೆ ಜೋಡಣೆಯಲ್ಲಿರುವ ಅಣುಗಳನ್ನು) ಬೇರ್ಪಡಿಸಲು, ಶಕ್ತಿಯನ್ನು ಬೇಕಾದಂತೆ ಹೊಂದಿಸಬಲ್ಲ ಸಿಂಕ್ರೋಟ್ರಾನ್ ಬೆಳಕು ಬೇಕು: ಅಲೀನ್ 9.69 ಎಲೆಕ್ಟ್ರಾನ್ ವೋಲ್ಟ್‌ಗೆ ಅಯಾನಾಗುತ್ತದೆ, ಪ್ರೊಪೈನ್ 10.36ಕ್ಕೆ. ಜ್ವಾಲೆಗಳಲ್ಲಿ ಈನಾಲ್‌ಗಳು (ಜೋಡಿಬಂಧದ ಇಂಗಾಲಕ್ಕೆ ಹೈಡ್ರಾಕ್ಸಿಲ್ ಅಂಟಿದ ಅಣುಗಳು) ಇವೆ ಎಂದು 2005ರಲ್ಲಿ ಗೊತ್ತಾದದ್ದು ಹೀಗೇ. ಜ್ವಾಲೆಯ ಕ್ರಿಯೆಗಳನ್ನೆಲ್ಲ ಲೆಕ್ಕ ಹಾಕುವ ಅಲ್ಲಿಯವರೆಗಿನ ದಹನ ಮಾದರಿಗಳಲ್ಲಿ ಅವುಗಳಿಗೆ ಸ್ಥಾನವೇ ಇರಲಿಲ್ಲ.

ಮಾದರಿಗಳನ್ನು ಅತಿಯಾಗಿ ನಂಬಬಾರದೆಂಬುದಕ್ಕೆ ಇನ್ನೂ ಹಳೆಯ ನಿದರ್ಶನವಿದೆ. ಜ್ವಾಲೆಯ ಮುಂಚೂಣಿಯಲ್ಲೇ ನೈಟ್ರಿಕ್ ಆಕ್ಸೈಡ್ ದಿಢೀರನೆ ಹುಟ್ಟುವುದನ್ನು ಫೆನಿಮೋರ್ 1971ರಲ್ಲಿ ತೋರಿಸಿದರು. ಸಿಎಚ್ ಮತ್ತು ಸಾರಜನಕ ಸೇರಿ ಹೈಡ್ರೋಜನ್ ಸಯನೈಡ್ ಕೊಡುತ್ತವೆ ಎಂದು ಮುಂದೆ ದಶಕಗಳ ಕಾಲ ಮಾದರಿಗಳಲ್ಲಿ ಬರೆಯಲಾಯಿತು. ಎಲೆಕ್ಟ್ರಾನ್ ಸ್ಪಿನ್ ನಿಯಮಕ್ಕೆ ಅದು ಒಗ್ಗುವುದಿಲ್ಲ ಎಂದು ಗೊತ್ತಿದ್ದೂ ಬರೆಯಲಾಯಿತು, ಏಕೆಂದರೆ ಅಂತಿಮ ಸಂಖ್ಯೆ ಹೊಂದುತ್ತಿತ್ತು! ಮಾಸ್ಕಲೇವಾ ಮತ್ತು ಲಿನ್ 2000ದಲ್ಲಿ ಲೆಕ್ಕ ಹಾಕಿ, ಹುಟ್ಟುವುದು ಎನ್‌ಸಿಎನ್ ಎಂಬ ರ್‍ಯಾಡಿಕಲ್ ಎಂದರು; ಆಮೇಲೆ ಲೇಸರ್ ಪ್ರತಿದೀಪ್ತಿ ಅದನ್ನು ಜ್ವಾಲೆಯಲ್ಲೇ ಹಿಡಿದು ತೋರಿಸಿತು.

ಮೀಥೇನಿಗೆ ಬಹುಬಳಕೆಯ ಜಿಆರ್‌ಐ-ಮೆಕ್ 3.0 ಮಾದರಿಯಲ್ಲಿ 53 ಅಣುಪ್ರಭೇದ, 325 ಕ್ರಿಯೆಗಳಿವೆ. ನಿಮ್ಮ ಅಳತೆಗೆ ಹೋಲಿಸುವಾಗ ಉಷ್ಣತೆಯನ್ನು ಮಾದರಿಯೇ ಊಹಿಸಲು ಬಿಡಬೇಡಿ, ಅಳೆದದ್ದನ್ನೇ ಕೊಡಿ. ಬರ್ನರಿಗೆ ಹೋದ ಶಾಖ ಆಗ ತಾನಾಗಿ ಲೆಕ್ಕಕ್ಕೆ ಬರುತ್ತದೆ. ರೇಖೆಗಳು ಒಂದೇ ಆಕಾರದಲ್ಲಿದ್ದು ಅರ್ಧ ಮಿಲಿಮೀಟರ್ ಸರಿದಿದ್ದರೆ ಕ್ರಿಯೆಯ ದರವನ್ನು ತಿರುಚುವ ಮೊದಲು ಎತ್ತರದ ಶೂನ್ಯವನ್ನು ನೋಡಿ: ಕಿರಣ ಬಿಲ್ಲೆಯ ಅಂಚಿಗೆ ತಾಗಿ ಅರ್ಧ ಮರೆಯಾಗುವ ಜಾಗ ಅದು, ಬರ್ನರ್ ಬಿಸಿಯಾದ ಮೇಲೆ ಅದನ್ನು ಇನ್ನೊಮ್ಮೆ ಗುರುತಿಸಬೇಕು. ಪ್ರತಿ ಬೆಳಿಗ್ಗೆ ಒಂದೇ ಉಲ್ಲೇಖ ಜ್ವಾಲೆ ಹೊತ್ತಿಸಿ, ಒಂದೇ ಬಿಂದುವಿನಲ್ಲಿ ಹೈಡ್ರಾಕ್ಸಿಲ್ ಸಂಕೇತವನ್ನು ಬರೆದಿಡಿ. ಅದು ನಿನ್ನೆಗಿಂತ ಶೇಕಡಾ 5 ಬೇರೆ ಬಂದರೆ ಗುಣಕ ಹಾಕಿ ಸರಿದೂಗಿಸಬೇಡಿ. ಲೇಸರಿನೊಳಗಿನ ಬಣ್ಣದ ದ್ರಾವಣ ಹಳತಾಗಿದೆಯೇ, ಕಿಟಕಿ ಮಸುಕಾಗಿದೆಯೇ, ಸಿಲಿಂಡರಿನ ಒತ್ತಡ ಇಳಿದಿದೆಯೇ ಎಂದು ಹುಡುಕಿ, ಅದು ಸಿಗುವವರೆಗೆ ಆ ದಿನದ ಅಳತೆ ಶುರುಮಾಡಬೇಡಿ.