ಕೈ ಕೊಟ್ಟವನಿಗೆ ಇಂಗ್ಲಿಷಿನಲ್ಲಿ ಏನಂತಾರೆ?

ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುವುದು ನನ್ನ ಕೆಲಸ. ಒಮ್ಮೆ ವ್ಯಾಪಾರಸ್ಥರೊಬ್ಬರು ಹೊರದೇಶದ ಕಂಪನಿಗೆ ಬರೆದ ಪತ್ರವನ್ನು ತಿದ್ದಿಕೊಡಿ ಅಂತ ತಂದರು. ಅದರಲ್ಲಿ ಒಂದು ಸಾಲು: ‘ಮೈ ಪಾರ್ಟ್‌ನರ್ ಚೀಟೆಡ್ ಆನ್ ಮಿ’. ಪಾಲುದಾರ ಮೋಸ ಮಾಡಿದ ಅನ್ನುವುದು ಅವರ ಮನಸ್ಸಿನಲ್ಲಿದ್ದ ಮಾತು. ಆದರೆ ಅದನ್ನು ಓದಿದವರು, ಇವರ ಸಂಗಾತಿ ಬೇರೆ ಯಾರ ಜೊತೆಗೋ ಸಂಬಂಧ ಇಟ್ಟುಕೊಂಡಿದ್ದಾರೆ ಅಂತಲೇ ತಿಳಿಯುತ್ತಾರೆ. ‘ಚೀಟೆಡ್ ಮಿ’ ಅಂದರೆ ವಂಚನೆ, ಹೆಚ್ಚಾಗಿ ದುಡ್ಡಿನದು. ನಡುವೆ ‘ಆನ್’ ಬಂತೋ, ಅದು ಗಂಡ ಹೆಂಡತಿ, ಪ್ರೇಮಿಗಳ ನಡುವಿನ ಮಾತಾಯಿತು.

ಕನ್ನಡದಲ್ಲಿ ನಾವು ಎಲ್ಲದಕ್ಕೂ ದ್ರೋಹ ಅನ್ನುವುದಿಲ್ಲ, ಅಲ್ವಾ? ಟೋಪಿ ಹಾಕಿದ, ಕೈ ಕೊಟ್ಟ, ಬೆನ್ನಿಗೆ ಚೂರಿ ಹಾಕಿದ, ಉಂಡ ಮನೆಗೆ ಎರಡು ಬಗೆದ. ಒಂದೊಂದರ ನೋವೂ ಬೇರೆ. ಇಂಗ್ಲಿಷಿನಲ್ಲೂ ಹಾಗೆಯೇ. ಆದರೆ ಇಂಗ್ಲಿಷ್ ಮಾತಾಡುವಾಗ ನಾವು ‘ಚೀಟ್’ ಒಂದನ್ನೇ ಹಿಡಿದುಕೊಳ್ಳುತ್ತೇವೆ.

‘ಕೈ ಕೊಟ್ಟ’ ಅನ್ನುವುದನ್ನೇ ನೋಡಿ. ಇದ್ದದ್ದು ಇದ್ದಹಾಗೆ ‘ಗೇವ್ ಮಿ ಎ ಹ್ಯಾಂಡ್’ ಅಂದರೆ ಅರ್ಥ ತಲೆಕೆಳಗಾಗುತ್ತದೆ. ಅದಕ್ಕೆ ಸಹಾಯ ಮಾಡಿದ ಅಂತ ಅರ್ಥ! ಸಿಗುತ್ತೇನೆ ಅಂತ ಹೇಳಿ ಬಾರದೇ ಇದ್ದವನಿಗೆ ‘ಸ್ಟುಡ್ ಮಿ ಅಪ್’ ಅನ್ನಬೇಕು. ನೆಚ್ಚಿಕೊಂಡ ಹೊತ್ತಿಗೆ ಒದಗದಿದ್ದರೆ ‘ಲೆಟ್ ಮಿ ಡೌನ್’. ಇದು ಹಗುರದ ಮಾತು. ಇದರಲ್ಲಿ ಬೇಸರವಿದೆ, ಕೆಟ್ಟ ಉದ್ದೇಶದ ಆರೋಪ ಇರಲೇಬೇಕೆಂದಿಲ್ಲ. ಗೆಳೆತನ ಉಳಿಯಬೇಕು ಅನ್ನಿಸಿದರೆ ಇದನ್ನೇ ಬಳಸಿ.

‘ಬಿಟ್ರೇ’ ತುಂಬಾ ಭಾರದ ಪದ. ಇದರ ಬೇರು ಲ್ಯಾಟಿನ್ನಿನ ‘ತ್ರಾದೆರೆ’, ಅಂದರೆ ಇನ್ನೊಬ್ಬರ ಕೈಗೆ ಒಪ್ಪಿಸು. ನಂಬಿದವನನ್ನು ಶತ್ರುವಿನ ಕೈಗೆ ಒಪ್ಪಿಸುವುದು ಬಿಟ್ರೇ, ಒಪ್ಪಿಸಿದವನು ಟ್ರೇಟರ್. ಒಂದು ತಲೆಮಾರು ಮುಂದಿನ ತಲೆಮಾರಿಗೆ ಒಪ್ಪಿಸುವ ‘ಟ್ರೆಡಿಷನ್’ ಕೂಡ ಇದೇ ಬೇರಿನದು. ಸಂಪ್ರದಾಯ ಮತ್ತು ದ್ರೋಹ ಒಂದೇ ಬಳ್ಳಿಯ ಕಾಯಿ ಅನ್ನುವುದು ಪ್ರತಿ ಸಲವೂ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಇನ್ನೊಂದು ಬಳಕೆಯೂ ಇದೆ. ‘ಹಿಸ್ ವಾಯ್ಸ್ ಬಿಟ್ರೇಡ್ ಹಿಸ್ ಫಿಯರ್’ ಅನ್ನುವ ಕಡೆ ದ್ರೋಹದ ಮಾತೇ ಇಲ್ಲ. ಅವನ ಭಯವನ್ನು ದನಿಯೇ ಬಯಲು ಮಾಡಿತು, ಅಷ್ಟೆ. ಅನುವಾದಗಳಲ್ಲಿ ಇಲ್ಲಿ ಎಡವುವವರು ಜಾಸ್ತಿ.

ಕೆಲವರ ಹೆಸರೇ ಬೈಗುಳವಾಗಿದೆ. ಅಮೆರಿಕದ ಸೇನಾನಿ ಬೆನೆಡಿಕ್ಟ್ ಆರ್ನಾಲ್ಡ್ 1780ರಲ್ಲಿ ವೆಸ್ಟ್ ಪಾಯಿಂಟ್ ಕೋಟೆಯನ್ನು ಬ್ರಿಟಿಷರಿಗೆ ಒಪ್ಪಿಸಲು ಒಳಸಂಚು ಮಾಡಿದ. ಅಲ್ಲಿ ಇಂದಿಗೂ ದ್ರೋಹಿಗೆ ಅವನ ಹೆಸರೇ. 1940ರ ಏಪ್ರಿಲ್‌ನಲ್ಲಿ ಜರ್ಮನಿ ನಾರ್ವೆಗೆ ನುಗ್ಗಿದಾಗ, ತಾನೇ ಸರ್ಕಾರದ ಮುಖ್ಯಸ್ಥ ಅಂತ ಸಾರಿಕೊಂಡವನು ಅಲ್ಲಿಯದೇ ರಾಜಕಾರಣಿ ವಿಡ್ಕುನ್ ಕ್ವಿಸ್ಲಿಂಗ್. ಅದೇ ತಿಂಗಳು ಲಂಡನ್ನಿನ ‘ಟೈಮ್ಸ್’ ಪತ್ರಿಕೆ ಅವನ ಹೆಸರನ್ನು ದ್ರೋಹಿ ಅನ್ನುವ ಅರ್ಥದಲ್ಲಿ ಬಳಸಿತು.

ಒಂದು ನುಡಿಗಟ್ಟನ್ನು ಮಾತ್ರ ಎಚ್ಚರದಿಂದ ಬಳಸಿ ಅನ್ನುತ್ತೇನೆ: ‘ಸೋಲ್ಡ್ ಡೌನ್ ದ ರಿವರ್’, ಅಂದರೆ ನಂಬಿಸಿ ಮೋಸ ಮಾಡಿದರು ಅಂತ. ಆಫೀಸಿನಲ್ಲಿ ಬಡ್ತಿ ತಪ್ಪಿದರೂ ಇದನ್ನು ಹೇಳುವವರಿದ್ದಾರೆ. ಇದು ಅಮೆರಿಕದ ಗುಲಾಮಗಿರಿಯ ಕಾಲದ ಮಾತು. ಗುಲಾಮರನ್ನು ಮಿಸಿಸಿಪ್ಪಿ ನದಿಯ ಕೆಳಹರಿವಿನ ಕಡೆಯ ಹತ್ತಿ ತೋಟಗಳಿಗೆ ಮಾರುತ್ತಿದ್ದರು. ಹೆಂಡತಿ ಮಕ್ಕಳನ್ನು ಮತ್ತೆ ನೋಡುವ ಆಸೆ ಅಲ್ಲಿಗೆ ಮುಗಿಯುತ್ತಿತ್ತು. ಸುಮ್ನೆ ಬಾಯಿಗೆ ಬಂತು ಅಂತ ಆಡುವ ಮಾತಲ್ಲ ಅದು.

ಒಳಗಿನ ಗುಟ್ಟನ್ನು ಹೊರಗೆ ಹೇಳಿದವನಿಗಂತೂ ಯಾವ ಹೆಸರು ಅನ್ನುವುದು, ಅವನನ್ನು ಕರೆಯುವವರು ಯಾವ ಪಕ್ಷದವರು ಅನ್ನುವುದರ ಮೇಲೆ ನಿಂತಿದೆ. ಸಿಕ್ಕಿಬಿದ್ದವರು ಅವನನ್ನು ‘ಸ್ನಿಚ್’, ‘ರ‍್ಯಾಟ್’ ಅನ್ನುತ್ತಾರೆ. ಬ್ರಿಟನ್ನಿನಲ್ಲಾದರೆ ‘ಗ್ರಾಸ್’. ಅವನಿಂದ ಉಪಕಾರವಾದವರಿಗೆ ಅದೇ ಮನುಷ್ಯ ‘ವಿಸಲ್‌ಬ್ಲೋವರ್’.

ಆ ವ್ಯಾಪಾರಸ್ಥರನ್ನು ಕೇಳಿದೆ: ‘ಸರ್, ಅವರು ನಿಜವಾಗಿ ಮಾಡಿದ್ದೇನು? ದುಡ್ಡು ಹೊಡೆದರಾ?’

‘ಇಲ್ಲ. ನನಗೆ ಒಂದು ಮಾತೂ ಹೇಳದೆ ನಮ್ಮ ರೇಟನ್ನು ಎದುರಾಳಿಗೆ ತಿಳಿಸಿಬಿಟ್ಟರು.’

ಹಾಗಾದರೆ ‘ಹಿ ವೆಂಟ್ ಬಿಹೈಂಡ್ ಮೈ ಬ್ಯಾಕ್’ ಅನ್ನಿ, ‘ಪಾರ್ಟ್‌ನರ್’ ಹಿಂದೆ ‘ಬಿಸಿನೆಸ್’ ಸೇರಿಸಿ ಅಂದೆ. ಅವರು ಹಳೆಯ ಸಾಲು ಹೊಡೆದುಹಾಕಿ, ಹೊಸದನ್ನು ಬರೆದು, ಎರಡು ಸಲ ಗಟ್ಟಿಯಾಗಿ ಓದಿಕೊಂಡರು. ‘ಹೌದು, ಇದೇ ಆಗಿದ್ದು’ ಅಂದರು.